ಕೊಳವೆಯೊಳಗೆ ಖಾರಪುಡಿಯ ವೇಗ: 18 ಖರೆಯೋ, 11 ಖರೆಯೋ?

ಪ್ರಶ್ನೆ: ಹುಬ್ಬಳ್ಳಿಯ ಒಂದು ಸಣ್ಣ ಫ್ಯಾಬ್ರಿಕೇಶನ್ ಘಟಕದಲ್ಲಿ ಡಿಸೈನ್ ಕೆಲಸ ನೋಡಿಕೊಳ್ಳುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ಪುಡಿ ಗಿರಣಿಯೊಂದಕ್ಕೆ ಸೈಕ್ಲೋನ್, ಅಂದರೆ ಗಾಳಿಯನ್ನು ಸುತ್ತಿಸಿ ಪುಡಿಯನ್ನು ಬೇರ್ಪಡಿಸುವ ಪಾತ್ರೆ, ಮಾಡಿಕೊಡಬೇಕಿದೆ. ಪಲ್ವರೈಸರ್‌ನಿಂದ ಸೈಕ್ಲೋನ್‌ವರೆಗೆ 150 ಮಿ.ಮೀ. ವ್ಯಾಸದ, 3 ಮೀಟರ್ ಉದ್ದದ ಅಡ್ಡ ಕೊಳವೆ ಇದೆ. ಗಂಟೆಗೆ 300 ಕಿಲೋ ಪುಡಿ ಹೋಗುತ್ತದೆ. ಓಪನ್‌ಫೋಮ್ ಎಂಬ ಹರಿವಿನ ಸಿಮ್ಯುಲೇಶನ್ ತಂತ್ರಾಂಶದಲ್ಲಿ ಗಾಳಿಗೆ 18 ಮೀ/ಸೆ ವೇಗ, 1.2 ಕೆ.ಜಿ./ಘನ ಮೀಟರ್ ಸಾಂದ್ರತೆ ಕೊಟ್ಟಿದ್ದೇನೆ. ಕಣಗಳು 50ರಿಂದ 300 ಮೈಕ್ರಾನ್, ಸಾಂದ್ರತೆ 1,300, ಆರಂಭದ ವೇಗ ಸೊನ್ನೆ. ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ಸೈಕ್ಲೋನ್ ಬಾಯಿಯ ಹತ್ತಿರ ಸ್ಲೈಸ್ ಹಾಕಿ 'ಯು' (ವೇಗ) ನೋಡಿದರೆ ಸರಾಸರಿ 18 ಬರುತ್ತದೆ. ಕೊಳವೆಯೊಳಗಿನ ಕಣಗಳನ್ನೆಲ್ಲ ಆರಿಸಿ ಸರಾಸರಿ ತೆಗೆದರೆ 11. ಗಿರಣಿಯ ಹಳೆಯ ಲೈನಿನಲ್ಲಿ ಬ್ಲೋವರ್ ಅದೇ, ಕೊಳವೆಯ ಅಳತೆಯೂ ಅದೇ. ಅಲ್ಲಿ ಪುಡಿ ಬಿಡದೆ, ನಡುಮಧ್ಯಕ್ಕೆ ಪಿಟೊ (ಗಾಳಿಯ ಒತ್ತಡದಿಂದ ವೇಗ ತಿಳಿಸುವ ನಳಿಕೆ) ಹಿಡಿದಾಗ ಯು-ಟ್ಯೂಬ್‌ನಲ್ಲಿ 27 ಮಿ.ಮೀ. ನೀರು ಬಂತು, ಅಂದರೆ 21 ಮೀ/ಸೆ. ನಮ್ಮ ಸೀನಿಯರ್ "ಪುಡಿ ಗಾಳಿ ಜೊತೀಗೇ ಹೊಕ್ಕೈತಿ, ಗಾಳಿ ವೇಗಾನ ಪುಡಿ ವೇಗ, ಸುಮ್ನ ತಲಿ ಕೆಡಿಸ್ಕೋಬ್ಯಾಡ" ಅಂತಾರೆ. ಈ ಮೂರರಲ್ಲಿ ಖರೆ ಯಾವುದು? ಸಿಮ್ಯುಲೇಶನ್‌ನಲ್ಲಿ ಕಣದ ವೇಗ ಅಳೆಯುವುದು ಹೇಗೆ?

ಉತ್ತರ: ಮೂರೂ ಸಂಖ್ಯೆಗಳು ತಮ್ಮ ತಮ್ಮ ಮಟ್ಟಿಗೆ ಖರೆಯೇ. ಆದರೆ ನಿಮಗೆ ಬೇಕಾದದ್ದು ಪುಡಿ ಸೈಕ್ಲೋನ್ ಬಾಯಿಗೆ ಬರುವಾಗಿನ ವೇಗ. ಅದು ಈ ಮೂರರಲ್ಲಿ ಯಾವುದೂ ಅಲ್ಲ. 18 ಎಂಬುದು ಗಾಳಿಯ ವೇಗ. 11 ಎಂಬುದು ಕೊಳವೆಯ ಉದ್ದಕ್ಕೂ ಚದುರಿದ ಕಣಗಳ ಒಂದು ಕ್ಷಣದ ಸರಾಸರಿ. 21 ಎಂಬುದು ಕೊಳವೆಯ ನಡುವಿನ ಗಾಳಿಯ ವೇಗ, ಅದೂ ನಮ್ಮ ಊರಿನದಲ್ಲದ ಸಾಂದ್ರತೆ ಹಾಕಿ ತೆಗೆದದ್ದು. ನೀವು ಕೊಟ್ಟ ಅಂಕಿಗಳನ್ನೇ ಇಟ್ಟು ಕೈಲೆಕ್ಕ ಮಾಡಿದರೆ, ಗೋಡೆಯ ಬಡಿತ ಬಿಟ್ಟು, 300 ಮೈಕ್ರಾನ್ ಕಣ ಬಾಯಿಯ ಹತ್ತಿರ ಸುಮಾರು 16.7 ಮೀ/ಸೆ ವೇಗದಲ್ಲಿರಬೇಕು. 50 ಮೈಕ್ರಾನಿನದು ಹೆಚ್ಚುಕಡಿಮೆ ಗಾಳಿಯ ವೇಗವನ್ನೇ ಮುಟ್ಟಿರುತ್ತದೆ.

ಸ್ಲೈಸ್‌ನ ಗೊಂದಲ ಮೊದಲು ಬಗೆಹರಿಸೋಣ. ಓಪನ್‌ಫೋಮ್‌ನಲ್ಲಿ ಗಾಳಿಯ ವೇಗದ ಹೆಸರೂ 'ಯು', ಕಣದ ವೇಗದ ಹೆಸರೂ 'ಯು'. ಒಂದೇ ಓಣಿಯಲ್ಲಿ ಇಬ್ಬರು ಬಸಪ್ಪ ಇದ್ದಂತೆ. ಸ್ಲೈಸ್ ಎಂಬ ಫಿಲ್ಟರ್ ಮೆಶ್‌ನ, ಅಂದರೆ ಲೆಕ್ಕಕ್ಕಾಗಿ ಕೊಳವೆಯನ್ನು ಹಂಚಿದ ಜಾಲದ, ಕೋಶಗಳನ್ನು ಕತ್ತರಿಸಿ ಅವುಗಳ ಬೆಲೆ ತೋರಿಸುತ್ತದೆ. ಕಣಗಳು ಬರೀ ಬಿಂದುಗಳು. ಬಿಂದುವನ್ನು ಕತ್ತರಿಸಲು ಬಾರದು, ಆದ್ದರಿಂದ ಕಣಗಳ ಮೇಲೆ ಸ್ಲೈಸ್ ಹಾಕಿದರೆ ಖಾಲಿ ಪರದೆ ಬರುತ್ತದೆ. ನೀವು ಕಂಡ ಬಣ್ಣದ ತಟ್ಟೆ ಪೂರ್ತಿ ಗಾಳಿಯದು, ಪುಡಿಯ ಸುಳಿವೂ ಅದರಲ್ಲಿಲ್ಲ. ಅಲ್ಲಿ 18 ಬರಲೇಬೇಕು, ನೀವೇ ಒಳಹರಿವಿಗೆ 18 ಕೊಟ್ಟಿದ್ದೀರಿ.

ಇನ್ನು ನಿಮ್ಮ ಸೀನಿಯರ್ ಮಾತು. ಅದು ಅರ್ಧ ಸರಿ. ಯಾವ ಅರ್ಧ ಎಂಬುದು ಕಣದ ಗಾತ್ರದ ಮೇಲಿದೆ. ಗಾಳಿಯ ವೇಗಕ್ಕೆ ಹೊಂದಿಕೊಳ್ಳಲು ಪ್ರತಿ ಕಣಕ್ಕೂ ಒಂದು ಕಾಲ ಬೇಕು. ಇದಕ್ಕೆ ರಿಲ್ಯಾಕ್ಸೇಶನ್ ಟೈಮ್ ಎನ್ನುತ್ತೇವೆ. ಕಣದ ಸಾಂದ್ರತೆಯನ್ನು ವ್ಯಾಸದ ವರ್ಗದಿಂದ ಗುಣಿಸಿ, ಗಾಳಿಯ ಸ್ನಿಗ್ಧತೆಯ 18 ಪಟ್ಟಿನಿಂದ ಭಾಗಿಸಿದರೆ ಅದು ಸಿಗುತ್ತದೆ. ಸ್ನಿಗ್ಧತೆಗೆ 0.000018 ಪಾಸ್ಕಲ್-ಸೆಕೆಂಡ್ ಹಾಕಿ. ನಿಮ್ಮ ಪುಡಿಯ 10 ಮೈಕ್ರಾನ್ ಕಣಕ್ಕೆ 0.4 ಮಿಲಿಸೆಕೆಂಡ್, 50 ಮೈಕ್ರಾನಿಗೆ 10, 100ಕ್ಕೆ 40, 300ಕ್ಕೆ 360 ಮಿಲಿಸೆಕೆಂಡ್ ಬರುತ್ತದೆ. ಗಾತ್ರ ಮೂರು ಪಟ್ಟಾದರೆ ಕಾಲ ಒಂಬತ್ತು ಪಟ್ಟು. 18 ಮೀ/ಸೆ ಗಾಳಿ ನಿಮ್ಮ 3 ಮೀಟರ್ ಕೊಳವೆಯನ್ನು ದಾಟುವುದು 167 ಮಿಲಿಸೆಕೆಂಡಿನಲ್ಲಿ. ಅಂದಮೇಲೆ 10 ಮೈಕ್ರಾನಿನ ಧೂಳಿನ ಮಟ್ಟಿಗೆ ಸೀನಿಯರ್ ಹೇಳಿದ್ದು ಅಕ್ಷರಶಃ ಸರಿ, 300 ಮೈಕ್ರಾನಿನ ತರಿಗೆ ಅದು ನಡೆಯುವುದಿಲ್ಲ.

ಆ 360 ಮಿಲಿಸೆಕೆಂಡನ್ನೂ ಹಾಗೆಯೇ ನಂಬಬೇಡಿ. ಅದು ಸ್ಟೋಕ್ಸ್ ನಿಯಮದ ಲೆಕ್ಕ. ಕಣ ಮತ್ತು ಗಾಳಿಯ ನಡುವಿನ ವೇಗದ ಅಂತರ ತೀರ ಕಡಿಮೆ ಇದ್ದಾಗ ಮಾತ್ರ ಅದು ಹೊಂದುತ್ತದೆ. ನಿಂತ ಕಣಕ್ಕೆ 18 ಮೀ/ಸೆ ಗಾಳಿ ಬಡಿದಾಗ 300 ಮೈಕ್ರಾನಿಗೆ ಕಣದ ರೆನಾಲ್ಡ್ಸ್ ಸಂಖ್ಯೆ (ವೇಗದ ಅಂತರ, ವ್ಯಾಸ, ಗಾಳಿಯ ಸಾಂದ್ರತೆ ಮೂರನ್ನೂ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದ್ದು) 360 ಆಗುತ್ತದೆ. ಆಗ ಕಣದ ಮೇಲೆ ಗಾಳಿಯ ಎಳೆತ (ಡ್ರ್ಯಾಗ್) ಸ್ಟೋಕ್ಸ್ ಹೇಳಿದ್ದಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು ಹೆಚ್ಚು. ಶಿಲ್ಲರ್-ನೌಮನ್ ತಿದ್ದುಪಡಿ ಇದನ್ನೇ ಹೇಳುತ್ತದೆ: ರೆನಾಲ್ಡ್ಸ್ ಸಂಖ್ಯೆಯ 0.687ನೇ ಘಾತವನ್ನು 0.15ರಿಂದ ಗುಣಿಸಿ 1 ಕೂಡಿಸಬೇಕು. ಓಪನ್‌ಫೋಮ್‌ನ 'ಸ್ಫಿಯರ್‌ಡ್ರ್ಯಾಗ್' ಮಾಡುವುದೂ ಬಹುಮಟ್ಟಿಗೆ ಇದೇ ಕೆಲಸ. ಕಣ ಮೊದಲು ಗಬಕ್ಕನೆ ವೇಗ ಹಿಡಿಯುತ್ತದೆ, ಅಂತರ ಕಡಿಮೆಯಾದಂತೆ ಎಳೆತವೂ ಸಡಿಲವಾಗಿ ಕೊನೆಯ ಎರಡು ಮೀ/ಸೆ ಗಳಿಸಲು ಒದ್ದಾಡುತ್ತದೆ. ಎಕ್ಸೆಲ್‌ನಲ್ಲಿ ಒಂದೊಂದೇ ಮಿಲಿಸೆಕೆಂಡ್ ಹೆಜ್ಜೆ ಇಟ್ಟು ನೋಡಿ: 300 ಮೈಕ್ರಾನ್ ಕಣ 1 ಮೀಟರ್ ದಾಟುವಾಗ ಸುಮಾರು 14.3, 2 ಮೀಟರಿಗೆ 16, 3 ಮೀಟರಿಗೆ 16.7 ಮೀ/ಸೆ. 50 ಮೈಕ್ರಾನಿನದು ಅರ್ಧ ಮೀಟರಿನೊಳಗೇ ಗಾಳಿಯ ವೇಗದ ಶೇ 95 ದಾಟಿರುತ್ತದೆ. ಅರ್ಧ ಗಂಟೆಯ ಕೆಲಸ ಇದು. ಸಿಮ್ಯುಲೇಶನ್‌ಗೆ ಕೈಹಾಕುವ ಮೊದಲು ಈ ಹಾಳೆ ನಿಮ್ಮ ಟೇಬಲ್ ಮೇಲೆ ಇರಬೇಕು.

ಹಾಗಾದರೆ 11 ಎಲ್ಲಿಂದ ಬಂತು? ತಪ್ಪು ಆಗುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಹುಬ್ಬಳ್ಳಿ-ಧಾರವಾಡ ರಸ್ತೆಯನ್ನೇ ತೆಗೆದುಕೊಳ್ಳಿ. ಚಿಗರಿ ಬಸ್ಸು ತನ್ನ ಲೇನಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಪಕ್ಕದ ಲೇನಿನಲ್ಲಿ ಹೇರು ತುಂಬಿದ ಟ್ರ್ಯಾಕ್ಟರ್ 10ರಲ್ಲಿ ತೆವಳುತ್ತಿದೆ ಎಂದುಕೊಳ್ಳಿ. ಗಂಟೆಗೆ ಎರಡೂ ಒಂದೇ ಸಂಖ್ಯೆಯಲ್ಲಿ ಬರುತ್ತವೆ. ಉಣಕಲ್ ನಿಲ್ದಾಣದಲ್ಲಿ ನಿಂತು ಎದುರು ಹಾದುಹೋಗುವ ಪ್ರತಿ ವಾಹನದ ವೇಗ ಬರೆದುಕೊಂಡರೆ ಸರಾಸರಿ 25. ಈಗ ಅದೇ ರಸ್ತೆಯನ್ನು ಮೇಲಿನಿಂದ ಡ್ರೋನ್‌ನಲ್ಲಿ ಒಂದು ಫೋಟೊ ತೆಗೆಯಿರಿ. ಟ್ರ್ಯಾಕ್ಟರ್ ರಸ್ತೆಯ ಮೇಲೆ ನಾಲ್ಕು ಪಟ್ಟು ಹೊತ್ತು ಇರುವುದರಿಂದ ಫೋಟೊದಲ್ಲಿ ಒಂದು ಬಸ್ಸಿಗೆ ನಾಲ್ಕು ಟ್ರ್ಯಾಕ್ಟರ್ ಕಾಣುತ್ತವೆ. ಫೋಟೊದಲ್ಲಿರುವ ಐದರ ಸರಾಸರಿ: 40ಕ್ಕೆ ನಾಲ್ಕು ಹತ್ತು ಕೂಡಿ 80, ಐದರಿಂದ ಭಾಗಿಸಿದರೆ 16. ರಸ್ತೆಯೂ ಅದೇ, ವಾಹನಗಳೂ ಅವೇ, ಉತ್ತರ ಮಾತ್ರ 25 ಮತ್ತು 16. ಎರಡರಲ್ಲಿ ಯಾವುದೂ ಸುಳ್ಳಲ್ಲ, ಕೇಳಿದ ಪ್ರಶ್ನೆಗಳೇ ಬೇರೆ.

ಪ್ಯಾರಾವ್ಯೂನಲ್ಲಿ ಕಣಗಳನ್ನು ಆರಿಸಿ ತೆಗೆದ ಸರಾಸರಿ ಡ್ರೋನ್ ಫೋಟೊ ಇದ್ದಹಾಗೆ. ಮೇಲಿನ ಎಕ್ಸೆಲ್ ಹಾಳೆಯಲ್ಲೇ ನೋಡಿ. 300 ಮೈಕ್ರಾನ್ ಕಣ ಸೊನ್ನೆಯಿಂದ ಹೊರಟು 3 ಮೀಟರ್ ದಾಟಲು ಸುಮಾರು 0.227 ಸೆಕೆಂಡ್ ಬೇಕು. 3ನ್ನು ಅದರಿಂದ ಭಾಗಿಸಿದರೆ 13.2. ಅಂದರೆ ಬಾಯಿಯಲ್ಲಿ 16.7ರಲ್ಲಿ ಹೊರಬೀಳುವ ಕಣಗಳನ್ನೇ ಕೊಳವೆಯ ಉದ್ದಕ್ಕೂ ಎಣಿಸಿದರೆ 13.2 ಬರುತ್ತದೆ. ಗೋಡೆ, ಸುಳಿ ಯಾವುದೂ ಇಲ್ಲದೆಯೇ ಮೂರೂವರೆ ಮೀ/ಸೆ ವ್ಯತ್ಯಾಸ. 13ರಿಂದ 11ಕ್ಕೆ ಇಳಿದದ್ದು ಬಹುತೇಕ ತಳದ ಗೋಡೆಗೆ ಬಡಿದು ನಿಧಾನವಾದ ಕಣಗಳಿಂದ. ಅದರ ವಿಷಯ ಮುಂದೆ ಬರುತ್ತದೆ.

ಇದರ ಜೊತೆಗೆ ತೂಕದ ಪ್ರಶ್ನೆ ಇದೆ. ಪರದೆಯ ಮೇಲಿನ ಒಂದು ಚುಕ್ಕೆ ಒಂದು ಕಣವಲ್ಲ, ಅದೊಂದು ಪಾರ್ಸೆಲ್. ಅದರೊಳಗೆ ಎಷ್ಟು ನಿಜವಾದ ಕಣಗಳಿವೆ ಎಂಬುದು 'ಎನ್‌ಪಾರ್ಟಿಕಲ್' ಎಂಬ ಕಡತದಲ್ಲಿ ಇರುತ್ತದೆ. ಪಾರ್ಸೆಲ್ ಆಧಾರವನ್ನು 'ಮಾಸ್' ಎಂದು ಇಟ್ಟಿದ್ದರೆ ಒಂದು ಚುಕ್ಕೆಯಲ್ಲಿ ಸಣ್ಣ ಕಣಗಳು ಸಾವಿರಗಟ್ಟಲೆ, ದೊಡ್ಡವು ಕೆಲವೇ ಇರಬಹುದು. ಒಂದು 300 ಮೈಕ್ರಾನ್ ಕಣದ ತೂಕ 50 ಮೈಕ್ರಾನಿನ 216 ಕಣಗಳಷ್ಟು. ಆದ್ದರಿಂದ ಚುಕ್ಕೆ ಎಣಿಸಿದರೆ ಒಂದು ಉತ್ತರ, ಕಣ ಎಣಿಸಿದರೆ ಇನ್ನೊಂದು, ತೂಕ ಹಾಕಿದರೆ ಮತ್ತೊಂದು. ಗಿರಣಿಗೆ ಬೇಕಾದದ್ದು ಕಿಲೋ ಲೆಕ್ಕ, ಹಾಗಾಗಿ ನಿಮಗೆ ದ್ರವ್ಯರಾಶಿಯ ತೂಕ ಕೊಟ್ಟು, ಒಂದು ಅಡ್ಡಕೊಯ್ತದ ಮೂಲಕ ಹಾಯುವ ಕಣಗಳ ಸರಾಸರಿಯೇ ಬೇಕು. ವರದಿಯಲ್ಲಿ 'ಕಣದ ವೇಗ 16' ಎಂದು ಬರೆದು ಬಿಡಬೇಡಿ. ಯಾವ ಗಾತ್ರದ್ದು, ಎಲ್ಲಿ, ಯಾವ ತೂಕದ ಸರಾಸರಿ ಎಂಬ ಮೂರೂ ಇಲ್ಲದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಅಳೆಯುವ ಕ್ರಮ

ನನಗೆ ಹಿಡಿಸುವ ದಾರಿ 'ಪ್ಯಾಚ್‌ಪೋಸ್ಟ್‌ಪ್ರೊಸೆಸಿಂಗ್'. ಕಣಗಳ ಪ್ರಾಪರ್ಟೀಸ್ ಕಡತದಲ್ಲಿ ಕ್ಲೌಡ್‌ಫಂಕ್ಷನ್ಸ್ ಎಂಬ ಭಾಗವಿದೆ, ಅಲ್ಲಿ ಇದನ್ನು ಹಾಕಿ ಹೊರಹರಿವಿನ ಪ್ಯಾಚ್ (ಗಡಿಯ ಮೇಲ್ಮೈ) ಹೆಸರು ಕೊಟ್ಟರೆ ಆ ಗಡಿಗೆ ಬಂದ ಪ್ರತಿ ಪಾರ್ಸೆಲ್‌ನ ವೇಳೆ, ಸ್ಥಾನ, ವೇಗ, ವ್ಯಾಸ ಎಲ್ಲವೂ ಸಾಲುಸಾಲಾಗಿ ಬರೆದಿಡುತ್ತದೆ. ಇದು ಉಣಕಲ್ ನಿಲ್ದಾಣದಲ್ಲಿ ನಿಂತು ಎಣಿಸುವ ರೀತಿ. ಕಣ ದಾಟಿದಾಗಲೇ ಸಾಲು ಬೀಳುವುದರಿಂದ ವೇಗದ ತೂಕ ಬೇರೆ ಕೊಡಬೇಕಾಗಿಲ್ಲ, ಎನ್‌ಪಾರ್ಟಿಕಲ್ ಮತ್ತು ವ್ಯಾಸದ ಘನದಿಂದ ತೂಕ ಕೊಟ್ಟರೆ ಸಾಕು. ತೊಂದರೆ ಒಂದೇ: ಇದು ಗಡಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ಕೊಳವೆಯ ನಡುವೆ ಬೇಕೆಂದರೆ ಆಗದು. ನಿಮ್ಮ ಮಟ್ಟಿಗೆ ಇದು ಅಡ್ಡಿಯೇ ಅಲ್ಲ. ಕೊಳವೆಯನ್ನು ಬೇರೆ ಕೇಸ್, ಸೈಕ್ಲೋನನ್ನು ಬೇರೆ ಕೇಸ್ ಮಾಡಿ. ಕೊಳವೆಯನ್ನು ಬಾಯಿಯಿಂದ ಒಂದೆರಡು ವ್ಯಾಸ ಮುಂದಕ್ಕೆ ಎಳೆದು ಅಲ್ಲಿ ಗಡಿ ಇಡಿ, ಇಲ್ಲವಾದರೆ ಹೊರಹರಿವಿನ ಷರತ್ತು ಕೊನೆಯ ಕೋಶಗಳ ಗಾಳಿಯನ್ನು ಕೆಡಿಸುತ್ತದೆ.

'ಪಾರ್ಟಿಕಲ್‌ಕಲೆಕ್ಟರ್' ಎಂಬುದನ್ನು ನೋಡಿ ಹಲವರು ಮರುಳಾಗುತ್ತಾರೆ. ಅದನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ವೃತ್ತಾಕಾರದಲ್ಲೂ ಇಡಬಹುದು. ಆದರೆ ಅದು ಕೊಡುವುದು ಹಾದುಹೋದ ದ್ರವ್ಯರಾಶಿ ಮತ್ತು ಅದರ ಹರಿವಿನ ದರ, ವೇಗವನ್ನಲ್ಲ. ಗಂಟೆಗೆ 300 ಕಿಲೋ ಅಂದರೆ ಸೆಕೆಂಡಿಗೆ 83 ಗ್ರಾಂ ನಿಜವಾಗಿ ಹೊರಬರುತ್ತಿದೆಯೇ ಎಂದು ತಾಳೆ ನೋಡಲು ಒಳ್ಳೆಯದು. 83ರ ಬದಲು 60 ಬಂದರೆ ಉಳಿದ ಪುಡಿ ಕೊಳವೆಯಲ್ಲೇ ಕೂತಿದೆ ಎಂದರ್ಥ. ಇಲ್ಲವೆ ಕೇಸ್ ಇನ್ನೂ ಸ್ಥಿರಕ್ಕೆ ಬಂದಿಲ್ಲ.

ಕೊಳವೆಯ ನಡುವೆಯೇ ವೇಗ ಬೇಕೆಂದರೆ ಪ್ಯಾರಾವ್ಯೂಗೆ ಹೋಗಬೇಕು. ಮೆಶ್ ರೀಜನ್ಸ್ ಪಟ್ಟಿಯಲ್ಲಿ ಇಂಟರ್ನಲ್‌ಮೆಶ್ ತೆಗೆದು ಲಗ್ರಾಂಜಿಯನ್ ಕ್ಲೌಡ್ (ಕಣಗಳ ಗುಂಪು) ಮಾತ್ರ ಗುರುತು ಹಾಕಿ. 0 ಸೆಕೆಂಡಿನಲ್ಲಿ ಕಣಗಳೇ ಇರುವುದಿಲ್ಲ, ಅದಕ್ಕೇ ಕೆಲವೊಮ್ಮೆ ಪಟ್ಟಿಯಲ್ಲಿ ಕ್ಲೌಡ್ ಹೆಸರು ಕಾಣುವುದಿಲ್ಲ. ಸೊನ್ನೆ ಕಾಲವನ್ನು ಬಿಟ್ಟು ಓದಲು ಹೇಳಿ, ರಿಫ್ರೆಶ್ ಮಾಡಿ. ಸ್ಲೈಸ್ ಬದಲು ಎರಡು ಕ್ಲಿಪ್ ಹಾಕಿ 20 ಮಿ.ಮೀ. ದಪ್ಪದ ಬಿಲ್ಲೆಯೊಂದನ್ನು ಕತ್ತರಿಸಿಕೊಳ್ಳಿ, ಬಿಲ್ಲೆಯೊಳಗಿನ ಕಣಗಳನ್ನು ಸಿಎಸ್‌ವಿಯಾಗಿ ಉಳಿಸಿ. ಇದು ಮತ್ತೆ ಡ್ರೋನ್ ಫೋಟೊವೇ, ಆದ್ದರಿಂದ ವೇಗದ ತೂಕವನ್ನು ಕೈಯಾರೆ ಕೊಡಬೇಕು: ಎನ್‌ಪಾರ್ಟಿಕಲ್, ವ್ಯಾಸದ ಘನ, ಕೊಳವೆಯ ದಿಕ್ಕಿನ ವೇಗ ಈ ಮೂರರ ಗುಣಲಬ್ಧ ಒಂದೊಂದು ಪಾರ್ಸೆಲ್‌ನ ತೂಕ. ತೂಕವನ್ನು ವೇಗದಿಂದ ಗುಣಿಸಿ ಕೂಡಿಸಿ, ತೂಕಗಳ ಮೊತ್ತದಿಂದ ಭಾಗಿಸಿ. ರಸ್ತೆಯ ಉದಾಹರಣೆಯಲ್ಲಿ ಇದನ್ನೇ ಮಾಡಿದರೆ 1600ಕ್ಕೆ ನಾಲ್ಕು ನೂರು ಕೂಡಿ 2000, 80ರಿಂದ ಭಾಗಿಸಿದರೆ ಸರಿಯಾಗಿ 25. ವೇಗದ ಪರಿಮಾಣವನ್ನಲ್ಲ, ಕೊಳವೆಯ ದಿಕ್ಕಿನ ಘಟಕವನ್ನೇ ಬಳಸಿ. ಪರಿಮಾಣ ಬಳಸಿದರೆ ಮೇಲೆ ಕೆಳಗೆ ಕುಣಿಯುವ ಕಣಗಳ ಕುಣಿತವೂ ಮುನ್ನಡೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಈ ರೀತಿ ಸೈಕ್ಲೋನ್ ಒಳಗೆ ನಡೆಯದು, ಏಕೆಂದರೆ ಅಲ್ಲಿ ಹಿಂದಕ್ಕೆ ಬರುವ ಕಣಗಳಿಗೆ ಋಣ ತೂಕ ಬಂದು ಲೆಕ್ಕ ಹದಗೆಡುತ್ತದೆ.

ಎಷ್ಟು ಪಾರ್ಸೆಲ್ ಬೇಕು? ಕಣಗಳ ವೇಗದ ಏರಿಳಿತ 3 ಮೀ/ಸೆ ಇದ್ದರೆ 100 ಸ್ವತಂತ್ರ ಪಾರ್ಸೆಲ್‌ಗಳ ಸರಾಸರಿಯಲ್ಲಿ 0.3ರಷ್ಟು ಅಲುಗಾಟ ಉಳಿಯುತ್ತದೆ, 10,000 ಇದ್ದರೆ 0.03. ಅದನ್ನೂ ಎಲ್ಲ ಗಾತ್ರಕ್ಕೆ ಸೇರಿಸಿ ಅಲ್ಲ, ಪ್ರತಿ ಗಾತ್ರದ ವರ್ಗಕ್ಕೆ ನೋಡಬೇಕು. ತೂಕದ ಸರಾಸರಿಯಲ್ಲಿ ಬೆರಳೆಣಿಕೆಯ ದಪ್ಪ ಪಾರ್ಸೆಲ್‌ಗಳು ಇಡೀ ಉತ್ತರವನ್ನು ಎಳೆದಾಡುತ್ತವೆ. ಮೊದಲ 1 ಸೆಕೆಂಡಿನ ದತ್ತಾಂಶ ಎಸೆದುಬಿಡಿ, ಆಗ ಕೊಳವೆ ಇನ್ನೂ ತುಂಬುತ್ತಿರುತ್ತದೆ.

ಫ್ಲೂಯೆಂಟ್ ಎಂಬ ಇನ್ನೊಂದು ತಂತ್ರಾಂಶ ಬಳಸುವವರಿಗೆ ಕೆಲಸ ಇನ್ನೂ ಸುಲಭ. ಡಿಪಿಎಂ (ಕಣಗಳ ಮಾದರಿ) ವರದಿಗಳಲ್ಲಿ ಸ್ಯಾಂಪಲ್ ಎಂಬುದಿದೆ, ಯಾವ ತಲವನ್ನು ಹೇಳಿದರೂ ಅಲ್ಲಿ ದಾಟಿದ ಕಣಗಳ ಪಟ್ಟಿ ಕೊಡುತ್ತದೆ. ಪುಡಿಯನ್ನೂ ದ್ರವದಂತೆ ಎಣಿಸುವ ಆಯ್ಲರ್-ಆಯ್ಲರ್ ವಿಧಾನಕ್ಕೆ ಹೋದರೆ ಪುಡಿಗೇ ಒಂದು ವೇಗಕ್ಷೇತ್ರ ಸಿಗುತ್ತದೆ, ಸ್ಲೈಸ್ ಕೂಡ ಹಾಕಬಹುದು. ಆದರೆ ಪುಡಿಯೇ ಇಲ್ಲದ ಕೋಶಗಳಲ್ಲೂ ಅದು ಏನೋ ಒಂದು ವೇಗ ತೋರಿಸುತ್ತದೆ, ಪುಡಿಯ ಪಾಲಿನಿಂದ ತೂಕ ಕೊಡದೆ ಆ ಸರಾಸರಿಯನ್ನು ಮುಟ್ಟಬೇಡಿ. ನಿಮ್ಮಷ್ಟು ತೆಳುವಾದ ಹರಿವಿಗೆ ಆ ದಾರಿ ಬೇಕಾಗಿಯೂ ಇಲ್ಲ.

ಅಳೆಯುವ ಮೊದಲೇ ಕೆಡುವ ಜಾಗಗಳು

ಅಳತೆ ಸರಿಯಿದ್ದರೂ ಒಳಗಿನ ಭೌತಶಾಸ್ತ್ರ ತಪ್ಪಿದ್ದರೆ ಪ್ರಯೋಜನವಿಲ್ಲ. ಮೊದಲ ಪರೀಕ್ಷೆ ಇದು: ಗಾಳಿ ನಿಂತಿರುವ ಒಂದು ಪೆಟ್ಟಿಗೆಯಲ್ಲಿ 100 ಮೈಕ್ರಾನಿನ ಒಂದೇ ಕಣವನ್ನು ಬೀಳಲು ಬಿಡಿ. ನಿಮ್ಮ ಸಾಂದ್ರತೆಗೆ ಅದು ಸುಮಾರು 0.31 ಮೀ/ಸೆ ವೇಗಕ್ಕೆ ಬಂದು ನಿಲ್ಲಬೇಕು. 0.39 ಬಂದರೆ ಎಳೆತ ಬರೀ ಸ್ಟೋಕ್ಸ್ ಲೆಕ್ಕದ್ದು, ತಿದ್ದುಪಡಿ ಹತ್ತಿಲ್ಲ. ಬಿದ್ದೇ ಇಲ್ಲವೆಂದರೆ ಕಣದ ಬಲಗಳ ಪಟ್ಟಿಯಲ್ಲಿ ಗುರುತ್ವ ಸೇರಿಸಲು ಮರೆತಿದ್ದೀರಿ. ಗುರುತ್ವದ ಕಡತ ಇದ್ದರೂ ಬಲಗಳ ಪಟ್ಟಿಯಲ್ಲಿ ಬೇರೆಯಾಗಿ ಬರೆಯಬೇಕು, ಈ ಮರೆವು ತೀರ ಸಾಮಾನ್ಯ.

ಆರಂಭದ ವೇಗ ಸೊನ್ನೆ ಎಂದು ಕೊಟ್ಟಿದ್ದೀರಿ. ಪಲ್ವರೈಸರ್ ಸುತ್ತಿಗೆಗಳಿಂದ ಜಾಲರಿ ದಾಟಿ ಬರುವ ಪುಡಿ ನಿಂತಿರುವುದಿಲ್ಲ, ಹಾಗೆಂದು ಗಾಳಿಯ ವೇಗದಲ್ಲೂ ಇರುವುದಿಲ್ಲ. ಸೊನ್ನೆ ಒಂದು ತುದಿ, 18 ಇನ್ನೊಂದು ತುದಿ. ಎರಡೂ ಓಡಿಸಿ ನೋಡಿ. ಬಾಯಿಯಲ್ಲಿ ಉತ್ತರ ಒಂದು ಮೀ/ಸೆಗಿಂತ ಹೆಚ್ಚು ಬದಲಾದರೆ 3 ಮೀಟರ್ ಆ ಗಾತ್ರಕ್ಕೆ ಸಾಲದು ಎಂದು ತಿಳಿಯಿರಿ.

ಗೋಡೆ ಇದಕ್ಕಿಂತ ದೊಡ್ಡ ತಲೆನೋವು. 300 ಮೈಕ್ರಾನ್ ಕಣ ನಿಂತ ಗಾಳಿಯಲ್ಲಿ 1.4 ಮೀ/ಸೆ ವೇಗದಲ್ಲಿ ಬೀಳುತ್ತದೆ. ಸುಳಿಗಳನ್ನು ಬಿಟ್ಟು ಲೆಕ್ಕ ಹಾಕಿದರೆ 3 ಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 12-13 ಸೆ.ಮೀ. ಕೆಳಗಿಳಿಯುತ್ತದೆ. ಕೊಳವೆಯ ವ್ಯಾಸ 15 ಸೆ.ಮೀ. ಅಂದರೆ ಬಹುಪಾಲು ದಪ್ಪ ಕಣಗಳು ಒಮ್ಮೆಯಾದರೂ ತಳ ಮುಟ್ಟಿಯೇ ಮುಂದೆ ಹೋಗುತ್ತವೆ. ಮುಟ್ಟಿದಾಗ ಎಷ್ಟು ಪುಟಿಯುತ್ತದೆ, ಎಷ್ಟು ಉಜ್ಜಿಕೊಳ್ಳುತ್ತದೆ ಎಂಬ ಎರಡು ಅಂಕಿಗಳೇ ಕೊನೆಯ ವೇಗವನ್ನು ತೀರ್ಮಾನಿಸುತ್ತವೆ. ಟ್ಯುಟೋರಿಯಲ್ ಕಡತಗಳಲ್ಲಿ ಪುಟಿತಕ್ಕೆ 0.97, ಘರ್ಷಣೆಗೆ 0.09 ಎಂದು ಇರುತ್ತದೆ. ಅದನ್ನು ಹಾಗೆಯೇ ನಕಲು ಮಾಡಿದ್ದೀರೆಂದರೆ ಖಾರಪುಡಿಯನ್ನು ಗಾಜಿನ ಗೋಲಿ ಮಾಡಿದಂತಾಯಿತು. ಮೆಣಸಿನಕಾಯಿಯಲ್ಲಿ ಎಣ್ಣೆಯ ಅಂಶವಿದೆ. ಹಿಂಗಾರಿನ ಚಳಿಗೆ ಒಣಗಿದ ಸರಕಿಗೂ ಮಳೆಗಾಲದ ತೇವ ಹಿಡಿದ ಸರಕಿಗೂ ನಡತೆ ಬೇರೆ. ಪುಟಿತಕ್ಕೆ 0.9, 0.6, 0.3 ಮೂರೂ ಹಾಕಿ ಓಡಿಸಿ. ಉತ್ತರ ಒಂದು ಸಂಖ್ಯೆಯಾಗಿ ಬರದೆ ಪಟ್ಟಿಯಾಗಿ ಬರುತ್ತದೆ, ಆ ಪಟ್ಟಿಯನ್ನೇ ವರದಿಯಲ್ಲಿ ಕೊಡಿ.

ಆಕಾರವನ್ನೂ ಮರೆಯಬೇಡಿ. ಬ್ಯಾಡಗಿ ಡಬ್ಬಿಯಾಗಲಿ ಕಡ್ಡಿಯಾಗಲಿ, ಬೀಸಿದಾಗ ಸಿಪ್ಪೆ ಚೂರುಗಳು ಹಪ್ಪಳದಂತೆ ಚಪ್ಪಟೆಯಾಗಿರುತ್ತವೆ, ಬೀಜದ ತುಣುಕುಗಳು ಕಾಳಿನಂತೆ ದಪ್ಪ. ಚಪ್ಪಟೆ ಚೂರಿಗೆ ಅಷ್ಟೇ ತೂಕದ ಗೋಲಿಗಿಂತ ಎಳೆತ ಹೆಚ್ಚು, ಬೇಗ ವೇಗ ಹಿಡಿಯುತ್ತದೆ. 'ನಾನ್‌ಸ್ಫಿಯರ್‌ಡ್ರ್ಯಾಗ್' ಬಳಸಿ ಗೋಳತ್ವಕ್ಕೆ 1ಕ್ಕಿಂತ ಕಡಿಮೆ ಅಂಕಿ, ಉದಾಹರಣೆಗೆ 0.6 ಕೊಟ್ಟು ವ್ಯತ್ಯಾಸ ನೋಡಬಹುದು.

ಪುಡಿ ಗಾಳಿಯನ್ನು ತಡೆಯುವುದೂ ಉಂಟು. ನಿಮ್ಮ ಕೊಳವೆಯಲ್ಲಿ ಗಾಳಿ ಸೆಕೆಂಡಿಗೆ 0.318 ಘನ ಮೀಟರ್, ತೂಕದಲ್ಲಿ 0.38 ಕಿಲೋ. ಪುಡಿ 0.083 ಕಿಲೋ, ಅಂದರೆ ಗಾಳಿಯ ತೂಕದ ಐದನೇ ಒಂದು ಭಾಗಕ್ಕೂ ತುಸು ಹೆಚ್ಚು. ಘನಗಾತ್ರದಲ್ಲಿ ಹತ್ತು ಸಾವಿರದಲ್ಲಿ ಎರಡು ಪಾಲು. ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೆ ಮಾತ್ರ ಪುಡಿಯ ಪ್ರಭಾವವನ್ನು ಗಾಳಿಯ ಮೇಲೆ ಬಿಟ್ಟುಬಿಡಬಹುದು ಎಂಬುದು ರೂಢಿಯ ಗೆರೆ. ನೀವು ಅದನ್ನು ಎಂದೋ ದಾಟಿದ್ದೀರಿ, ಎರಡು ದಿಕ್ಕಿನ ಕಪ್ಲಿಂಗ್ (ಗಾಳಿ ಪುಡಿಯನ್ನು ಎಳೆಯುವುದರ ಜೊತೆಗೆ ಪುಡಿ ಗಾಳಿಯನ್ನು ತಡೆಯುವುದನ್ನೂ ಸೇರಿಸುವ ಲೆಕ್ಕ) ಹಾಕಲೇಬೇಕು. ಸಾವಿರದಲ್ಲಿ ಒಂದು ಪಾಲು ಮೀರಿದರೆ ಕಣ-ಕಣದ ಡಿಕ್ಕಿಯೂ ಎಣಿಕೆಗೆ ಬರುತ್ತದೆ. ಸರಾಸರಿಯಲ್ಲಿ ನೀವು ಅಲ್ಲಿಗೆ ಮುಟ್ಟಿಲ್ಲ, ಆದರೆ ತಳದಲ್ಲಿ ಪುಡಿ ಸಾಲುಗಟ್ಟಿದಲ್ಲಿ ಮುಟ್ಟಬಹುದು.

ಉಳಿದ ಎರಡು ಸಣ್ಣವು. ಇಂಟರ್ಪೊಲೇಶನ್‌ನಲ್ಲಿ ಗಾಳಿಯ ವೇಗಕ್ಕೆ 'ಸೆಲ್' ಬದಲು 'ಸೆಲ್‌ಪಾಯಿಂಟ್' ಇರಲಿ, ಇಲ್ಲವಾದರೆ ಗೋಡೆಗೆ ಅಂಟಿದ ಕಣಕ್ಕೂ ಕೋಶದ ನಡುವಿನ ವೇಗವೇ ಸಿಗುತ್ತದೆ. ಹಾಗೆಯೇ ಕೆ-ಎಪ್ಸಿಲಾನ್‌ನಂಥ ಸುಳಿಹರಿವಿನ ಮಾದರಿಯಲ್ಲಿ ಕಣ ನೋಡುವುದು ಸರಾಸರಿ ಗಾಳಿಯನ್ನು ಮಾತ್ರ. ಸುಳಿಗಳ ಎಳೆದಾಟ ಬೇಕೆಂದರೆ ಸ್ಟೋಕಾಸ್ಟಿಕ್ ಡಿಸ್ಪರ್ಶನ್ (ಯಾದೃಚ್ಛಿಕ ಏರಿಳಿತ ಸೇರಿಸುವ ಮಾದರಿ) ಹಾಕಬೇಕು. ಅದು ಮೂರೂ ದಿಕ್ಕಿನ ಏರಿಳಿತ ಒಂದೇ ಎಂದು ನಂಬುವುದರಿಂದ ಸಣ್ಣ ಕಣಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಗೋಡೆಗೆ ತಳ್ಳುತ್ತದೆ.

ಗಿರಣಿಯಲ್ಲಿ ಬಂದ 21

ಈ ಸಂಖ್ಯೆ ನಿಮ್ಮ 18ಕ್ಕೆ ವಿರುದ್ಧವಲ್ಲ, ಬಹುಶಃ ಅದಕ್ಕೆ ಸಾಕ್ಷಿ. 27 ಮಿ.ಮೀ. ನೀರು ಅಂದರೆ ಸುಮಾರು 265 ಪಾಸ್ಕಲ್. 1.2 ಸಾಂದ್ರತೆ ಹಾಕಿದರೆ 21 ಬರುತ್ತದೆ, ನಿಜ. ಆದರೆ ಆ 1.2 ಸಮುದ್ರಮಟ್ಟದ ಅಂಕಿ. ನಮ್ಮ ಭಾಗ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, 30 ಡಿಗ್ರಿ ಬಿಸಿಲಿಗೆ ಗಾಳಿಯ ಸಾಂದ್ರತೆ 1.08ರ ಆಸುಪಾಸು. ಅದನ್ನು ಹಾಕಿದರೆ ನಡುವಿನ ವೇಗ 22.1. ಪೂರ್ತಿ ಬೆಳೆದ ಸುಳಿಹರಿವಿನಲ್ಲಿ ಕೊಳವೆಯ ಸರಾಸರಿ ವೇಗ ನಡುವಿನ ವೇಗದ ಸುಮಾರು 0.82 ಪಾಲು, ಅಂದರೆ 18.1. ನೀವು ಕೊಟ್ಟ 18ಕ್ಕೆ ಸರಿಯಾಗಿ ಹೊಂದುತ್ತದೆ. ಈ 0.82 ನೆಟ್ಟಗಿನ ಕೊಳವೆಗೆ ಮಾತ್ರ ಸಲ್ಲುತ್ತದೆ. ಬೆಂಡ್ ಕಳೆದು ವ್ಯಾಸದ 8 ಪಟ್ಟು, ಅಂದರೆ 1.2 ಮೀಟರ್ ಆದಮೇಲೆ ಅಳೆದಿದ್ದೀರಾ ನೋಡಿ. ಒಂದೇ ಬಿಂದು ನಂಬುವುದಕ್ಕಿಂತ ಒಂದಕ್ಕೊಂದು ಲಂಬವಾದ ಎರಡು ವ್ಯಾಸಗಳ ಮೇಲೆ ಹಲವು ಬಿಂದುಗಳಲ್ಲಿ ಅಳೆಯುವುದು ಮೇಲು. ಸಿಮ್ಯುಲೇಶನ್‌ನಲ್ಲೂ ಸಾಂದ್ರತೆಯನ್ನು 1.08 ಮಾಡಿ. ಗಾಳಿ ತೆಳುವಾದಷ್ಟೂ ದಪ್ಪ ಕಣಗಳ ಮೇಲಿನ ಎಳೆತ ಕಡಿಮೆಯಾಗಿ, ಮೇಲಿನ 16.7 ತುಸು ಇಳಿಯುತ್ತದೆ.

ಪಿಟೊವನ್ನು ಪುಡಿ ಓಡುವಾಗ ಹಿಡಿಯಬೇಡಿ, ಅದರ ತೂತು ಕ್ಷಣದಲ್ಲಿ ಕಟ್ಟುತ್ತದೆ. ಕಣದ ವೇಗವನ್ನೇ ಅಳೆಯಬೇಕೆಂದರೆ ಲೇಸರ್ ಉಪಕರಣಗಳಿವೆ, ಸಣ್ಣ ಘಟಕಕ್ಕೆ ನಿಲುಕುವಂಥವಲ್ಲ. ಅಗ್ಗದ ದಾರಿ ಒಂದಿದೆ. ಕೊಳವೆಯ ಕೊನೆಯ ಅರ್ಧ ಮೀಟರನ್ನು ಪಾರದರ್ಶಕ ಅಕ್ರಿಲಿಕ್ ಮಾಡಿಸಿ, ಹಿಂದಿನಿಂದ ಮಿನುಗದ ಡಿಸಿ ಎಲ್‌ಇಡಿ ಬೆಳಕು ಕೊಟ್ಟು, ಮೊಬೈಲ್‌ನ ಪ್ರೊ ಮೋಡ್‌ನಲ್ಲಿ ಶಟರ್ 1/2000 ಸೆಕೆಂಡಿಗೆ ಇಟ್ಟು ಫೋಟೊ ತೆಗೆಯಿರಿ. 16 ಮೀ/ಸೆ ವೇಗದ ಕಣ 8 ಮಿ.ಮೀ. ಗೆರೆಯಾಗಿ ಮೂಡುತ್ತದೆ. ಗೆರೆಯ ಉದ್ದದಿಂದ ಕಣದ ಸ್ವಂತ ಅಗಲ ಕಳೆದು ಶಟರ್ ಕಾಲದಿಂದ ಭಾಗಿಸಿದರೆ ವೇಗ. ಅಳತೆಪಟ್ಟಿಯೊಂದನ್ನು ಕೊಳವೆಯ ನಡುವಿನ ಆಳದಲ್ಲೇ ಇಟ್ಟು ಮೊದಲು ಒಂದು ಫೋಟೊ ತೆಗೆದುಕೊಳ್ಳಿ, ಹೊರಗೋಡೆಗೆ ಅಂಟಿಸಿದರೆ ಅಳತೆ ತಪ್ಪುತ್ತದೆ. ಪುಡಿ ದಟ್ಟವಾಗಿದ್ದರೆ ಏನೂ ಕಾಣದು, ಫೀಡ್ ಕಡಿಮೆ ಮಾಡಿ ಪ್ರಯತ್ನಿಸಿ. ಕಣ್ಣಿಗೆ ಸುಲಭವಾಗಿ ಬೀಳುವುದು ಇಡೀ ಬೀಜಗಳು. ಅವು ಪುಡಿಗಿಂತ ನಿಧಾನ, ಅವುಗಳ ವೇಗವನ್ನು ಪುಡಿಯ ತಲೆಗೆ ಕಟ್ಟಬೇಡಿ. ಅಕ್ರಿಲಿಕ್ ಮೇಲೆ ಸ್ಥಿರವಿದ್ಯುತ್ ಕೂಡುತ್ತದೆ, ಒಣ ಖಾರಪುಡಿ ಹೊತ್ತಿಕೊಳ್ಳುವ ಧೂಳು. ಅಕ್ಕಪಕ್ಕದ ಲೋಹದ ಭಾಗಗಳಿಗೆ ಅರ್ಥಿಂಗ್ ಕೊಡಿ, ಪರೀಕ್ಷೆ ಮುಗಿದೊಡನೆ ಆ ತುಂಡನ್ನು ತೆಗೆದುಬಿಡಿ.

ಈ ವೇಗದಿಂದ ಸೈಕ್ಲೋನ್‌ಗೆ ಏನು?

ದಪ್ಪ ಕಣದ ವೇಗ ಬೇಕಾಗುವುದು ಮೂರು ಕಡೆ: ಕೊಳವೆ ಕಟ್ಟಿಕೊಳ್ಳುತ್ತದೆಯೇ, ಬೆಂಡ್ ಎಷ್ಟು ಬೇಗ ಸವೆಯುತ್ತದೆ, ಸೈಕ್ಲೋನ್ ಬಾಯಿಯ ಎದುರಿನ ಗೋಡೆಗೆ ಎಷ್ಟು ದಪ್ಪ ಶೀಟ್ ಬೇಕು. ಸವೆತ ವೇಗದ ವರ್ಗಕ್ಕಿಂತಲೂ ಜೋರಾಗಿ ಏರುವುದರಿಂದ 18 ಮತ್ತು 16ರ ನಡುವಿನ ಅಂತರ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ಸೈಕ್ಲೋನ್‌ನಿಂದ ತಪ್ಪಿಸಿಕೊಂಡು ಗಿರಣಿಯವರ ಕಣ್ಣು ಮೂಗು ಉರಿಸುವ ಧೂಳು ಇದಲ್ಲ. 50 ಮೈಕ್ರಾನಿನ ಮೇಲಿನದು ಸೈಕ್ಲೋನ್‌ನಲ್ಲಿ ಹೇಗೂ ಬೀಳುತ್ತದೆ. ತಪ್ಪಿಸಿಕೊಳ್ಳುವುದು 10 ಮೈಕ್ರಾನ್ ಮತ್ತು ಅದರ ಕೆಳಗಿನದು, ನಿಮ್ಮ ಕೇಸ್‌ನಲ್ಲಿ ಅದು ಇಲ್ಲವೇ ಇಲ್ಲ. ಆ ಧೂಳಿನ ಮಟ್ಟಿಗೆ ಸೀನಿಯರ್ ಹೇಳಿದ್ದೇ ಸರಿ: ಬಾಯಿಯಲ್ಲಿ ಅದರ ವೇಗ ಗಾಳಿಯದೇ, ಅಳೆಯುವ ಶ್ರಮ ಬೇಡ. ಆದರೆ ಸೈಕ್ಲೋನ್ ಒಳಗಿನ ಸುತ್ತುಗಾಳಿಯನ್ನು ಸಾಮಾನ್ಯ ಕೆ-ಎಪ್ಸಿಲಾನ್ ಸರಿಯಾಗಿ ಹಿಡಿಯುವುದಿಲ್ಲ, ರೆನಾಲ್ಡ್ಸ್ ಸ್ಟ್ರೆಸ್ ಮಾದರಿ ಬೇಕು. ಮೆಶ್ ಹೆಚ್ಚಾಗುತ್ತದೆ, ಓಡಲು ಹೊತ್ತು ಹಿಡಿಯುತ್ತದೆ, ಒಮ್ಮೊಮ್ಮೆ ಹಟ ಹಿಡಿದು ಕುಸಿಯುತ್ತದೆ. ಕೆ-ಎಪ್ಸಿಲಾನ್‌ನಲ್ಲಿ ಮೊದಲು ಒಂದು ಉತ್ತರ ತಂದು ಅದರ ಮೇಲಿಂದ ಶುರು ಮಾಡಿದರೆ ಸ್ವಲ್ಪ ಸಲೀಸು. ಕೊಳವೆಯ ಕೇಸ್‌ನಿಂದ ಬಂದ ದಪ್ಪ ಪಾರ್ಸೆಲ್‌ಗಳ ಪಟ್ಟಿಗೆ 3, 5, 10, 20 ಮೈಕ್ರಾನಿನ ಪಾರ್ಸೆಲ್‌ಗಳನ್ನು ಗಾಳಿಯ ವೇಗದಲ್ಲೇ ಸೇರಿಸಿ, ಎಷ್ಟು ಮೇಲಿನ ಕೊಳವೆಯಿಂದ ಹೊರಹೋಗುತ್ತವೆ ಎಂದು ಪ್ರತಿ ಗಾತ್ರಕ್ಕೂ ಎಣಿಸಿ. 3 ಮೈಕ್ರಾನಿನ ರಿಲ್ಯಾಕ್ಸೇಶನ್ ಟೈಮ್ ಮಿಲಿಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗಕ್ಕೂ ಕಡಿಮೆ, ಆದ್ದರಿಂದ ಇಂಟಿಗ್ರೇಶನ್‌ಗೆ 'ಆಯ್ಲರ್' ಬದಲು 'ಅನಲಿಟಿಕಲ್' ಆರಿಸಿಕೊಳ್ಳಿ.